ಅತ್ತೆಯ ಕೈ ಜೋಮು, ಮಾತೂ ಕಮ್ಮಿ: ಕಾರ್ಪಲ್ ಟನಲ್‌ಗೂ ಮನಸ್ಸಿಗೂ ಸಂಬಂಧ ಇದೆಯಾ?

ಸಾಗರದ ಸೊಸೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಅಡಿಕೆ ತೋಟ, ಕೊಟ್ಟಿಗೆಯಲ್ಲಿ ನಾಲ್ಕು ದನ. ಅತ್ತೆಗೆ ಈಗ 54. ಕಳೆದ ವರ್ಷ ಅಡಿಕೆ ಸುಲಿಯುವ ಹೊತ್ತಿನಿಂದ ಬಲಗೈ ಬೆರಳುಗಳು ಜೋಮು ಹಿಡಿಯುತ್ತಿವೆ. ಹಗಲಿಗಿಂತ ರಾತ್ರಿ ಜಾಸ್ತಿ. ನಡುರಾತ್ರಿ ಎದ್ದು ಕೈ ಕೊಡವುತ್ತಾ ಕೂರುತ್ತಾರೆ. ಹಾಲು ಕರೆಯುವಾಗ ಅರ್ಧಕ್ಕೇ ಕೈ ಸೋಲುತ್ತದೆ. ಲೋಟ, ಸೌಟು ಜಾರಿ ಬೀಳುತ್ತವೆ. ಡಾಕ್ಟರು ನೋಡಿ ಕಾರ್ಪಲ್ ಟನಲ್ ಅಂದರು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆಯಂತೆ.

ನಾನು ಕೇಳಬೇಕು ಅಂತಿರುವುದು ಬೇರೆ. ಇತ್ತೀಚೆಗೆ ಅತ್ತೆ ಮೊದಲಿನ ಹಾಗಿಲ್ಲ. ಸುಲಿಯಲು ಕೂತರೆ ಊರಿನ ಸುದ್ದಿಯೆಲ್ಲ ಅವರ ಬಾಯಲ್ಲೇ ಇರುತ್ತಿತ್ತು. ಈಗ ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ. ಊಟ ಕಮ್ಮಿ. ನೆಂಟರ ಮನೆ ಮದುವೆಗೂ ಬರಲಿಲ್ಲ. ಮೊನ್ನೆ "ಒಂದು ಕಾಯಿ ತುರಿಯಲೂ ಆಗಲ್ಲ, ನಾನಿದ್ದು ಏನು ಪ್ರಯೋಜನ" ಅಂದರು. ಮಾವ ಹೇಳುವುದು, ಅವಳು ಏನೋ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ, ಅದಕ್ಕೇ ಕೈ ಹೀಗಾಗಿದೆ ಅಂತ. ನನ್ನ ಗಂಡ ಹೇಳುವುದು, ಕೈ ಸರಿಯಾದರೆ ಮನಸ್ಸು ತಾನೇ ಸರಿಹೋಗುತ್ತದೆ ಅಂತ. ಯಾರ ಮಾತು ಸರಿ? ಕೈಯಿಂದ ಮನಸ್ಸಾ, ಮನಸ್ಸಿನಿಂದ ಕೈಯಾ?

ತೀರ್ಥಹಳ್ಳಿ ತೋಟಿಗ:

ಎಂತದೂ ಇಲ್ಲ ಅಕ್ಕ, ವಾತ. ಎಣ್ಣೆ ಬಿಸಿ ಮಾಡಿ ತಿಕ್ಕಿ. ಅಡಿಕೆ ಸುಲಿದು ಮುಗಿಯುವಷ್ಟರಲ್ಲಿ ನಮ್ಮ ಕಡೆ ಅರ್ಧ ಊರಿಗೆ ಕೈ ಜೋಮು. ಬೇಸಿಗೆಗೆ ತಾನೇ ಹೋಗುತ್ತದೆ. ಮನಸ್ಸಿನ ವಿಷಯ ಅಂದರೆ, ಆ ವಯಸ್ಸಿನಲ್ಲಿ ಹೆಂಗಸರಿಗೆ ಸ್ವಲ್ಪ ಇರುವುದೇ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಶಿವಮೊಗ್ಗ ಫಿಸಿಯೋ:

ಸಾಗರದ ಅಕ್ಕ, ಮೊದಲು ಅತ್ತೆಯವರ ಹತ್ತಿರ ಒಂದು ವಿಷಯ ಕೇಳಿ. ಕಿರುಬೆರಳೂ ಜೋಮು ಹಿಡಿಯುತ್ತದೆಯಾ? ಕಾರ್ಪಲ್ ಟನಲ್‌ನಲ್ಲಿ ಒತ್ತಿಕೊಳ್ಳುವುದು ಮೀಡಿಯನ್ ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ, ಇಷ್ಟು ಅದರ ಪಾಲು. ಕಿರುಬೆರಳಿಗೆ ಬೇರೆ ನರ. ಐದೂ ಬೆರಳು ಜೋಮು, ಜೊತೆಗೆ ಕುತ್ತಿಗೆಯಿಂದ ಸೆಳೆತ ಅಂದರೆ ಕುತ್ತಿಗೆಯನ್ನೂ ನೋಡಬೇಕು. ಎಲ್ಲರೂ "ಇಡೀ ಕೈ" ಅಂತಲೇ ಶುರು ಮಾಡುತ್ತಾರೆ. ಒಂದೊಂದೇ ಬೆರಳು ಮುಟ್ಟಿ ಕೇಳಿದರೆ ನಿಜ ಗೊತ್ತಾಗುತ್ತದೆ.

ಮಣಿಕಟ್ಟಿನಲ್ಲಿ ಕೆಳಗೂ ಪಕ್ಕದಲ್ಲೂ ಮೂಳೆ, ಮೇಲೊಂದು ಗಟ್ಟಿ ಪಟ್ಟಿ. ಆ ಕಿರಿದಾದ ದಾರಿಯಲ್ಲಿ ಬೆರಳು ಮಡಚುವ 9 ಹುರಿಗಳು ಮತ್ತು ಈ ನರ ಒಟ್ಟಿಗೆ ಹೋಗಬೇಕು. ಹಳ್ಳಿಗೆ ಹೋಗುವ ಸಂಜೆಯ ಕೊನೇ ಬಸ್ಸಿನ ಹಾಗೆ ಅಂದುಕೊಳ್ಳಿ. ಯಾರು ಸ್ವಲ್ಪ ಊದಿಕೊಂಡರೂ ನಜ್ಜಾಗುವುದು ಮೆತ್ತಗಿರುವವನು, ಅಂದರೆ ನರ. ರಾತ್ರಿ ಮಣಿಕಟ್ಟು ಮಡಚಿ ಮಲಗಿದಾಗ ಒತ್ತಡ ಇನ್ನೂ ಏರುತ್ತದೆ. ಎದ್ದು ಕೈ ಕೊಡವಿದರೆ ಹಾಯೆನಿಸುವುದು ಅದಕ್ಕೇ.

ತೋಟಿಗ ಅಣ್ಣ, ಬೇಸಿಗೆಗೆ ಹೋಗುತ್ತದೆ ಅಂದಿದ್ದು ಶುರುವಿನಲ್ಲಿ ನಿಜ. ಕೈಗೆ ಬಿಡುವು ಸಿಕ್ಕರೆ ಬಾವು ಇಳಿಯುತ್ತದೆ. ಆದರೆ ಹೆಬ್ಬೆರಳ ಬುಡದ ಉಬ್ಬು ಕರಗಿ ಚಪ್ಪಟೆಯಾಗಿದ್ದರೆ ಕಾಯುತ್ತಾ ಕೂರಬಾರದು. ಕರಗಿದ ಮಾಂಸಖಂಡ ಪೂರ್ತಿ ವಾಪಸ್ ಬರುತ್ತದೆ ಅನ್ನುವ ಖಾತ್ರಿ ಇಲ್ಲ.

ಇನ್ನು ನಿಮ್ಮ ಪ್ರಶ್ನೆ. 1999ರಲ್ಲಿ ಸ್ವೀಡನ್‌ನ ಒಂದು ದೊಡ್ಡ ಸಮೀಕ್ಷೆ ಪ್ರಕಟವಾಯಿತು. ಈ ಬೆರಳುಗಳಲ್ಲಿ ನೋವು, ಜೋಮು ಇದೆ ಅಂದವರು ನೂರಕ್ಕೆ 14ರಷ್ಟು. ಡಾಕ್ಟರ ಪರೀಕ್ಷೆ, ನರದ ವೇಗ ಅಳೆಯುವ ಪರೀಕ್ಷೆ ಎರಡರಲ್ಲೂ ಕಾರ್ಪಲ್ ಟನಲ್ ಅಂತ ಖಚಿತವಾದವರು ನೂರಕ್ಕೆ 3ಕ್ಕಿಂತ ಕಡಿಮೆ. ಇನ್ನೂ ಒಂದಿದೆ. ಏನೂ ತೊಂದರೆ ಇಲ್ಲ ಅಂದ ಕೆಲವರನ್ನೂ ಪರೀಕ್ಷೆ ಮಾಡಿದರು. ಅವರಲ್ಲಿ ನೂರಕ್ಕೆ 18ರಷ್ಟು ಮಂದಿಗೆ ಆ ನರ ನಿಧಾನವಾಗಿತ್ತು! ಮಷಿನ್ ತೋರಿಸುವುದಕ್ಕೂ ಮನುಷ್ಯ ಅನುಭವಿಸುವುದಕ್ಕೂ ನೇರ ಲೆಕ್ಕ ಇಲ್ಲ.

ಆ ನಡುವಿನ ಜಾಗದಲ್ಲೇ ನಿದ್ದೆ, ಭಯ, ಬೇಸರ ಎಲ್ಲ ಬರುವುದು. ಕೈ ಚಿಕಿತ್ಸೆಗೆ ಬರುವವರ ಮೇಲೆ ನಡೆದ ಹಲವು ಅಧ್ಯಯನಗಳಲ್ಲಿ ಕಂಡಿದ್ದು ಇದೇ. ಖಿನ್ನತೆ ಇರುವವರಿಗೆ, ಮುಂದೆ ಕೆಟ್ಟದ್ದೇ ಆಗುತ್ತದೆ ಅಂತ ಹೆದರುವವರಿಗೆ, ಅಷ್ಟೇ ಒತ್ತಿದ ನರವೂ ಜಾಸ್ತಿ ನೋವು ಕೊಡುತ್ತದೆ. ಅದು ನಾಟಕ ಅಲ್ಲ. ನೋವನ್ನು ಲೆಕ್ಕ ಹಾಕುವುದು ಮಿದುಳು. ನಿದ್ದೆಗೆಟ್ಟ ಮಿದುಳು ಜೋರಾಗಿಯೇ ಲೆಕ್ಕ ಹಾಕುತ್ತದೆ. ಮಾವನವರು ಹೇಳಿದ ಹಾಗೆ ಮನಸ್ಸೇ ನರವನ್ನು ಒತ್ತಿ ಹಿಡಿಯುವುದಿಲ್ಲ. ಒತ್ತಿಕೊಂಡಿದ್ದು ನಿಜ. ಅದು ಎಷ್ಟು ಕಾಡುತ್ತದೆ ಅನ್ನುವುದರಲ್ಲಿ ಮನಸ್ಸಿನ ಪಾಲಿದೆ.

ಭದ್ರಾವತಿ ಟೈಲರಕ್ಕ:

ಫಿಸಿಯೋ ಅವರು ನಿದ್ದೆ ಅಂದಿದ್ದು ನೂರಕ್ಕೆ ನೂರು ಸತ್ಯ. ನಾನು ಬ್ಲೌಸ್ ಹೊಲಿಯುವವಳು. ದಿನವಿಡೀ ಕತ್ತರಿ. ಹಗಲಿನ ನೋವನ್ನು ಹೇಗೋ ತಡೆದುಕೊಳ್ಳುತ್ತಿದ್ದೆ. ರಾತ್ರಿ ಎರಡು ಗಂಟೆಗೆ ಕೈ ಉರಿದು ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಆ ಹೊತ್ತಲ್ಲಿ ಬರುವ ಯೋಚನೆಗಳು ಒಂದೂ ಒಳ್ಳೆಯವಲ್ಲ. ಕೈ ಹೋದರೆ ಗಿರಾಕಿ ಹೋಗುತ್ತಾರೆ, ಗಿರಾಕಿ ಹೋದರೆ ಮಗಳ ಫೀಸು, ಹೀಗೇ. ಬೆಳಗ್ಗೆ ಎದ್ದು ಮಕ್ಕಳ ಮೇಲೆ ಕೂಗಾಟ.

ಇನ್ನೊಂದು ಸಂಕಟ ಇದೆ. ಕೈ ನೋಡಲು ಚೆನ್ನಾಗೇ ಇರುತ್ತದೆ. ಬ್ಯಾಂಡೇಜ್ ಇಲ್ಲ, ಊತ ಇಲ್ಲ. ಕಾಲು ಮುರಿದರೆ ನೆರೆಹೊರೆಯವರು ಹಣ್ಣು ಹಿಡಿದು ಬರುತ್ತಾರೆ. ಕೈ ಜೋಮು ಅಂದರೆ "ಎಲ್ಲರಿಗೂ ಇರುತ್ತೆ ಬಿಡು" ಅನ್ನುತ್ತಾರೆ. ಒಬ್ಬ ಡಾಕ್ಟರು ಕೈ ಮುಟ್ಟಿಯೂ ನೋಡದೆ "ಟೆನ್ಷನ್ ಮಾಡ್ಕೋಬೇಡಿ" ಅಂತ ವಿಟಮಿನ್ ಮಾತ್ರೆ ಬರೆದು ಕಳಿಸಿದರು. ಅವತ್ತು ಬಸ್ಸಲ್ಲಿ ಕೂತು ಅತ್ತಿದ್ದೇನೆ. ನೋವಿಗಲ್ಲ, ನಂಬಲಿಲ್ಲವಲ್ಲ ಅಂತ.

ಆಮೇಲೆ ಬೇರೆ ಡಾಕ್ಟರು ರಾತ್ರಿ ಹಾಕಿಕೊಳ್ಳುವ ಮಣಿಕಟ್ಟಿನ ಪಟ್ಟಿ ಕೊಟ್ಟರು. ಕೈ ನೇರವಾಗಿ ಇರುವ ಹಾಗೆ ಹಿಡಿಯುತ್ತದೆ. ನಿದ್ದೆ ಬರತೊಡಗಿತು. ಆಪರೇಷನ್ ಆಗಿದ್ದು ತುಂಬಾ ತಡವಾಗಿ. ಆದರೆ ನನ್ನ ಮುಖದಲ್ಲಿ ನಗು ವಾಪಸ್ ಬಂದಿದ್ದು ನಿದ್ದೆ ಬಂದಾಗಲೇ ಅಂತ ಮಗಳು ಹೇಳುತ್ತಾಳೆ.

ಹೊಸನಗರದ ಮೇಷ್ಟ್ರು:

ಕ್ಷಮಿಸಿ, ಈಗ ಎಲ್ಲಕ್ಕೂ ಡಿಪ್ರೆಶನ್ ಅನ್ನುವುದು ಫ್ಯಾಶನ್ ಆಗಿದೆ. ನಮ್ಮ ಅಜ್ಜಿಯಂದಿರು ಒರಳಲ್ಲಿ ರುಬ್ಬಿದರು, ಒನಕೆ ಹಿಡಿದು ಕುಟ್ಟಿದರು, ಹತ್ತು ಹಸು ಕರೆದರು. ಅವರಿಗೆ ಯಾವ ಟನಲ್ಲೂ ಇರಲಿಲ್ಲ, ಖಿನ್ನತೆಯೂ ಇರಲಿಲ್ಲ. ಮೊಬೈಲ್ ಬಂದ ಮೇಲೆ ಶುರುವಾದ ಕಾಯಿಲೆ ಇದು.

ಭದ್ರಾವತಿ ಟೈಲರಕ್ಕ:

ಮೇಷ್ಟ್ರೇ, ನಮ್ಮಜ್ಜಿ ರಾತ್ರಿ ಎದ್ದು ಕೈ ಕೊಡವುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಬಿಸಿನೀರಲ್ಲಿ ಕೈ ಅದ್ದಿ ಮತ್ತೆ ಮಲಗುತ್ತಿದ್ದರು. ಯಾರ ಹತ್ತಿರವೂ ಹೇಳುತ್ತಿರಲಿಲ್ಲ. ನಿಮ್ಮ ಅಜ್ಜಿ ಹೇಳಿರುತ್ತಿದ್ದರಾ?

ಶಿವಮೊಗ್ಗ ಫಿಸಿಯೋ:

ಮೇಷ್ಟ್ರೇ, ಮಣಿಕಟ್ಟಿನಲ್ಲಿ ಈ ನರ ಒತ್ತಿಕೊಳ್ಳುವುದನ್ನು ಇಂಗ್ಲೆಂಡಿನ ಸರ್ಜನ್ ಜೇಮ್ಸ್ ಪೇಜೆಟ್ 1854ರಲ್ಲೇ ಬರೆದಿದ್ದರು. ಆಗ ಮೊಬೈಲ್ ಎಲ್ಲಿತ್ತು? ಬರೀ ಟೈಪಿಂಗ್‌ನಿಂದ ಬರುತ್ತದೆ ಅನ್ನುವುದಕ್ಕೂ ಗಟ್ಟಿ ಆಧಾರ ಇಲ್ಲ. ಬಲ ಹಾಕಿ ಹಿಡಿಯುವ, ಅದನ್ನೇ ಮತ್ತೆ ಮತ್ತೆ ಮಾಡುವ, ನಡುಗುವ ಯಂತ್ರ ಹಿಡಿಯುವ ಕೆಲಸಕ್ಕೆ ಆಧಾರ ಜಾಸ್ತಿ. ನಮ್ಮ ಕಡೆ ಲೆಕ್ಕ ಹಾಕಿದರೆ ಅಡಿಕೆ ಸುಲಿಯುವುದು, ಕೈಯಲ್ಲಿ ಹಾಲು ಕರೆಯುವುದು, ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಯಂತ್ರ.

ಸೊರಬದ ಗುಡಿಗಾರರ ಮನೆಯವ:

ನಮ್ಮ ಅಪ್ಪ ಗಂಧದ ಕೆತ್ತನೆ ಮಾಡುವವರು. ಉಳಿ ಹಿಡಿದ ಕೈ ಮರಗಟ್ಟತೊಡಗಿದಾಗ ಅವರು ಅಳಲಿಲ್ಲ, ಮಾತು ಬಿಡಲೂ ಇಲ್ಲ. ಸಿಟ್ಟು ಶುರುವಾಯಿತು. ಎಲ್ಲರ ಮೇಲೆ. ಸಣ್ಣ ಹೂವಿನ ಕೆಲಸ ಕೈಗೆ ಹತ್ತುತ್ತಿಲ್ಲ ಅಂತ ಒಪ್ಪಿಕೊಳ್ಳದೆ ಮರ ಸರಿಯಿಲ್ಲ, ಬೆಳಕು ಸರಿಯಿಲ್ಲ ಅನ್ನುತ್ತಿದ್ದರು. ಸಂಜೆ ಕುಡಿತ ಜಾಸ್ತಿಯಾಯಿತು. ಗಂಡಸರಲ್ಲಿ ಇದು ಹೀಗೂ ಕಾಣುತ್ತದೆ, ಗಮನಿಸಿ. ಮನೆಯವರು ಕುಡಿತದ ಬಗ್ಗೆ ಜಗಳ ಆಡುತ್ತಾರೆ. ಕೈ ಬಗ್ಗೆ ಯಾರೂ ಕೇಳುವುದಿಲ್ಲ.

ತಾಲ್ಲೂಕು ಆಸ್ಪತ್ರೆ ಸಿಸ್ಟರ್:

ಎಲ್ಲ ಓದಿದೆ. ಸಾಗರದ ಸೊಸೆಗೆ ಎರಡು ಮಾತು ಹೇಳಬೇಕು.

ಒಂದು, ಕೈಯಿಂದ ಮನಸ್ಸಾ, ಮನಸ್ಸಿನಿಂದ ಕೈಯಾ ಅಂತ ಕೇಳಿದಿರಿ. ಎರಡಕ್ಕೂ ಒಂದೇ ಬೇರು ಇರಬಹುದು, ಅದನ್ನು ಮೊದಲು ನೋಡಿ. ಥೈರಾಯ್ಡ್ ಕಮ್ಮಿಯಾದರೆ ಮಣಿಕಟ್ಟಿನ ಒಳಗೆ ಊತ ಬಂದು ನರ ಒತ್ತಿಕೊಳ್ಳುತ್ತದೆ. ಅದೇ ಥೈರಾಯ್ಡ್ ಕಮ್ಮಿಯಾದರೆ ಮನಸ್ಸೂ ಕುಗ್ಗುತ್ತದೆ. ಸುಸ್ತು, ಮಲಬದ್ಧತೆ, ಚಳಿ ತಡೆಯದಿರುವುದು, ಚರ್ಮ ಒಣಗುವುದು, ಮಾತು ನಿಧಾನ ಆಗುವುದು ಎಲ್ಲ ಬರುತ್ತವೆ. 50 ದಾಟಿದ ಹೆಂಗಸರಲ್ಲಿ ಇದು ಅಪರೂಪವೇನಲ್ಲ. ಟಿಎಸ್‌ಎಚ್ ಅನ್ನುವ ಒಂದು ರಕ್ತ ಪರೀಕ್ಷೆ ಸಾಕು. ಜೊತೆಗೆ ಸಕ್ಕರೆ ನೋಡಿಸಿ. ಸಕ್ಕರೆ ಕಾಯಿಲೆಯೂ ಹೀಗೇ, ನರವನ್ನೂ ಕಾಡುತ್ತದೆ, ಮನಸ್ಸನ್ನೂ ಕಾಡುತ್ತದೆ. ಸೊಪ್ಪು ತರಕಾರಿ ಮಾತ್ರ ತಿನ್ನುವ, ಹಾಲು ಮೊಸರೂ ಕಮ್ಮಿ ಇರುವ ಮನೆಯಾದರೆ ಬಿ12 ಕೂಡ. ಅದು ಕಮ್ಮಿಯಾದರೂ ಜೋಮು ಬರುತ್ತದೆ, ಬೇಸರ ಬರುತ್ತದೆ. ಆದರೆ ಅದರ ಜೋಮು ಹೆಚ್ಚಾಗಿ ಪಾದದಿಂದ ಶುರು.

ಎರಡು, "ನಾನಿದ್ದು ಏನು ಪ್ರಯೋಜನ" ಅನ್ನುವ ಮಾತನ್ನು ಹಗುರವಾಗಿ ಬಿಡಬೇಡಿ. ಎರಡು ವಾರಕ್ಕಿಂತ ಹೆಚ್ಚು ಕಾಲ ಬೇಸರ ಇದ್ದರೆ, ಮೊದಲು ಇಷ್ಟವಿದ್ದ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ ಅದು ಸೋಮಾರಿತನವೂ ಅಲ್ಲ, ವಯಸ್ಸೂ ಅಲ್ಲ. ತೋಟಿಗ ಅಣ್ಣ "ಇರುವುದೇ" ಅಂದರು. ಇರುತ್ತದೆ, ಆದರೆ ವಾಸಿಯಾಗುತ್ತದೆ. ಸಾಯುವ ಯೋಚನೆ ಬರುತ್ತಿದೆಯಾ ಅಂತ ಅತ್ತೆಯವರನ್ನು ನೇರವಾಗಿಯೇ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಬಾಯಿಬಿಟ್ಟು ಹೇಳಲು ಒಂದು ಜಾಗ ಸಿಗುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆತನ್ನಿ. ತೋಟಕ್ಕೆ ಹೊಡೆಯುವ ಔಷಧಿಗಳನ್ನು ಬೀಗ ಹಾಕಿಡಿ. ಇದು ನಮ್ಮ ಕಡೆ ಎಲ್ಲ ಮನೆಗೂ ಹೇಳಬೇಕಾದ ಮಾತು.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮನಸ್ಸಿನ ತೊಂದರೆಗೆ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇರುತ್ತದೆ, ವಿಚಾರಿಸಿ ಹೋಗಿ. ಬಸ್ಸು ಹತ್ತಲು ಒಪ್ಪದಿದ್ದರೆ ಟೆಲಿ ಮಾನಸ್‌ಗೆ ಫೋನ್ ಮಾಡಿಸಿ, ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಸೇವೆ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹೊಸನಗರದ ಮೇಷ್ಟ್ರು:

ಸಿಸ್ಟರ್, ಥೈರಾಯ್ಡ್ ವಿಷಯ ನನಗೆ ಹೊಸದು. ಆದರೂ ಕೈ ನೋವು ಅಂತ ಬಂದವರನ್ನು ಮನೋವೈದ್ಯರ ಹತ್ತಿರ ಕಳಿಸಿದರೆ ಊರಲ್ಲಿ ಏನು ಮಾತಾಡುತ್ತಾರೆ ಗೊತ್ತಲ್ಲ?

ತಾಲ್ಲೂಕು ಆಸ್ಪತ್ರೆ ಸಿಸ್ಟರ್:

ಗೊತ್ತು ಮೇಷ್ಟ್ರೇ. ಮನೋವೈದ್ಯ ಡಾ. ಅಶೋಕ್ ಪೈ ಅವರು ವರ್ಷಗಟ್ಟಲೆ ಮನಸ್ಸಿನ ಕಾಯಿಲೆ ಬಗ್ಗೆ ಬಹಿರಂಗವಾಗಿ ಮಾತಾಡಿದ ಜಿಲ್ಲೆ ನಮ್ಮದು. ಇಲ್ಲೂ ಜನ ಇನ್ನೂ ಮುಖ ಮುಚ್ಚಿಕೊಂಡೇ ಬರುತ್ತಾರೆ. ಅದಕ್ಕೇ ನಾನು ಮನೆಯವರಿಗೆ ಹೇಳುವುದು, ನಿದ್ದೆ ಬಗ್ಗೆ ಮಾತು ಶುರು ಮಾಡಿ. "ನಿದ್ದೆಗೆ ತೋರಿಸೋಣ ಬನ್ನಿ" ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್ ಥರದ ಮಾತ್ರೆಗಳನ್ನು ನರದ ನೋವಿಗೂ ಕೊಡುತ್ತಾರೆ, ಖಿನ್ನತೆಗೂ ಕೊಡುತ್ತಾರೆ. ಪ್ರಮಾಣ ಬೇರೆ ಬೇರೆ, ಅದು ಡಾಕ್ಟರು ನಿರ್ಧರಿಸುವುದು. ಒತ್ತಿಕೊಂಡ ನರವನ್ನು ಅವು ಬಿಡಿಸುವುದಿಲ್ಲ, ಅದೂ ಗೊತ್ತಿರಲಿ. ಅಂಗಡಿಯಲ್ಲಿ ಕೇಳಿ ತಂದು ನುಂಗಬೇಡಿ.

ಸಾಗರದ ಸೊಸೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ವಲ್ಪ ದಿನ ಈ ಕಡೆ ಬರಲಾಗಲಿಲ್ಲ. ಮಳೆಗೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.

ರಕ್ತ ಪರೀಕ್ಷೆ ಆಯಿತು. ಟಿಎಸ್‌ಎಚ್ ಜಾಸ್ತಿ ಬಂದಿದೆ, ಅಂದರೆ ಥೈರಾಯ್ಡ್ ಕಮ್ಮಿ ಕೆಲಸ ಮಾಡುತ್ತಿದೆ. ಬೆಳಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ಶುರುವಾಗಿದೆ. ಮಾತ್ರೆ ತಗೊಂಡ ಕೂಡಲೇ ಕಾಫಿ ಕುಡಿಯಬಾರದಂತೆ. ಅತ್ತೆಗೆ ಅದೇ ದೊಡ್ಡ ಶಿಕ್ಷೆ. ಸಕ್ಕರೆ ಕಾಯಿಲೆ ಇಲ್ಲ. ಕಿರುಬೆರಳು ಚೆನ್ನಾಗಿದೆ. ರಾತ್ರಿ ಪಟ್ಟಿ ಹಾಕುತ್ತಿದ್ದಾರೆ.

ಸಿಸ್ಟರ್ ಹೇಳಿದ ಹಾಗೆ ಕೊಟ್ಟಿಗೆಯಲ್ಲಿ ಇಬ್ಬರೇ ಇದ್ದಾಗ ಕೇಳಿದೆ. ಸಾಯುವ ಯೋಚನೆ ಇಲ್ಲ ಅಂದರು. ಆಮೇಲೆ ತುಂಬಾ ಹೊತ್ತು ಸುಮ್ಮನಿದ್ದು, "ಇದು ಲಕ್ವದ ಶುರು ಅಲ್ವಾ?" ಅಂತ ಕೇಳಿದರು. ಅವರ ಅಮ್ಮ ಲಕ್ವ ಹೊಡೆದು ವರ್ಷಗಟ್ಟಲೆ ಮಲಗಿದಲ್ಲೇ ಇದ್ದರಂತೆ. ಅವರಿಗೂ ಮೊದಲು ಬಲಗೈಯೇ ಹೋಗಿದ್ದಂತೆ. ಇಷ್ಟು ದಿನವೂ ಇವರ ತಲೆಯಲ್ಲಿ ಅದೇ ಓಡುತ್ತಿತ್ತು. ನಾವು ಮನೆಯಲ್ಲಿ ನರ, ವಾತ, ಟೆನ್ಷನ್ ಅಂತ ಏನೇನೋ ವಾದ ಮಾಡುತ್ತಿದ್ದೆವು. ಡಾಕ್ಟರ ಹತ್ತಿರ ಕೇಳಲು ಅವರಿಗೆ ಧೈರ್ಯ ಇರಲಿಲ್ಲವಂತೆ, ಹೌದು ಅಂದುಬಿಟ್ಟರೆ ಅಂತ. ಲಕ್ವ ಅಲ್ಲ ಅನ್ನುವುದನ್ನು ಅವರಿಗೆ ಹೇಗೆ ಬಿಡಿಸಿ ಹೇಳುವುದು? ಮತ್ತೆ, ದೀಪಾವಳಿ ಆದರೆ ಅಡಿಕೆ ಗೊನೆ ಕೊಯ್ಲು ಶುರು. ಅಷ್ಟರೊಳಗೆ ಆಪರೇಷನ್ ಮಾಡಿಸಿಬಿಡುವುದು ಒಳ್ಳೆಯದಾ?

ಶಿವಮೊಗ್ಗ ಫಿಸಿಯೋ:

ಲಕ್ವ ಒಮ್ಮೆಲೇ ಬರುತ್ತದೆ. ಕೈಯಷ್ಟೇ ಅಲ್ಲ, ಹೆಚ್ಚಾಗಿ ಅದೇ ಬದಿಯ ಮುಖ, ಕಾಲು ಕೂಡ. ಬಾಯಿ ಸೊಟ್ಟಗಾಗುತ್ತದೆ, ಮಾತು ತೊದಲುತ್ತದೆ. ಹಾಗಾದರೆ ಒಂದು ಕ್ಷಣವೂ ಕಾಯದೆ 108ಕ್ಕೆ ಫೋನ್ ಮಾಡಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಆಗಬೇಕು. ಸಾಗರದಿಂದ ಶಿವಮೊಗ್ಗಕ್ಕೆ ಬರುವುದಕ್ಕೇ ಎಷ್ಟು ಹೊತ್ತು ಬೇಕು ಅಂತ ನಿಮಗೆ ಗೊತ್ತು. ಅತ್ತೆಯವರದ್ದು ತಿಂಗಳುಗಟ್ಟಲೆ ನಿಧಾನವಾಗಿ ಬಂದಿದ್ದು. ಮೂರೂವರೆ ಬೆರಳಿಗೆ ಮಾತ್ರ, ರಾತ್ರಿ ಜಾಸ್ತಿ, ಕೊಡವಿದರೆ ಕಮ್ಮಿ. ಲಕ್ವದ ಜೋಮು ಕೊಡವಿದರೆ ಹೋಗುವುದಿಲ್ಲ. ಇದನ್ನು ಅವರ ಕೈಯಿಂದಲೇ ಅವರಿಗೆ ತೋರಿಸಬಹುದು. ಎರಡೂ ಕೈಗಳ ಹಿಂಭಾಗ ಒಂದಕ್ಕೊಂದು ತಾಗಿಸಿ, ಮಣಿಕಟ್ಟು ಕೆಳಕ್ಕೆ ಮಡಚಿ ಒಂದು ನಿಮಿಷ ಹಿಡಿಯಲು ಹೇಳಿ. ಸಾಮಾನ್ಯವಾಗಿ ಜೋಮು ಬರುತ್ತದೆ. ಕೈ ನೇರ ಮಾಡಿದರೆ ಇಳಿಯುತ್ತದೆ. ತೊಂದರೆ ಮಣಿಕಟ್ಟಿನಲ್ಲೇ ಇದೆ, ತಲೆಯಲ್ಲಿ ಅಲ್ಲ ಅಂತ ಅವರಿಗೇ ಮನದಟ್ಟಾಗುತ್ತದೆ.

ಆಪರೇಷನ್ ದೊಡ್ಡದಲ್ಲ. ಕೈಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಣಿಕಟ್ಟಿನೊಳಗೆ ನರದ ಮೇಲಿರುವ ಆ ಗಟ್ಟಿ ಪಟ್ಟಿಯನ್ನು ಕತ್ತರಿಸಿ ಬಿಡಿಸುತ್ತಾರೆ, ಅವತ್ತೇ ಮನೆಗೆ. ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ. ರಾತ್ರಿಯ ಉರಿ ಬೇಗ ಹೋಗುತ್ತದೆ. ಆದರೆ ಹಿಡಿತದ ಬಲ ಬರಲು ತಿಂಗಳುಗಳೇ ಬೇಕು. ಹಾಗಾಗಿ ಸುಲಿಯಲು ರೆಡಿ ಆಗಲಿ ಅಂತ ಅವಸರ ಮಾಡಿದರೆ ಪ್ರಯೋಜನ ಇಲ್ಲ, ಈ ಸಲ ಅವರು ಕತ್ತಿ ಮುಂದೆ ಕೂರುವ ಹಾಗೇ ಇಲ್ಲ. ಥೈರಾಯ್ಡ್ ಹದಕ್ಕೆ ಬಂದರೆ ಕೆಲವರಿಗೆ ಕೈಯೂ ಹಗುರಾಗುತ್ತದೆ. ಹೆಬ್ಬೆರಳ ಬುಡ ಕರಗಿಲ್ಲ, ಜೋಮು ಬಂದು ಹೋಗಿ ಮಾಡುತ್ತಿದೆ ಅಂದರೆ ಪಟ್ಟಿ ಹಾಕಿ ಕೆಲವು ವಾರ ನೋಡಬಹುದು. ಮಧ್ಯೆ ಸ್ಟೀರಾಯ್ಡ್ ಇಂಜೆಕ್ಷನ್ ಅನ್ನುವ ದಾರಿಯೂ ಇದೆ. ಜೋಮು ಹಗಲೂ ರಾತ್ರಿ ಬಿಡದೆ ನಿಂತುಬಿಟ್ಟರೆ ಆಗ ಆಪರೇಷನ್ ಮುಂದೂಡಬೇಡಿ. "ಮೊದಲು ಮನಸ್ಸು ಸರಿಯಾಗಲಿ, ಆಮೇಲೆ ಕೈ" ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ಖಿನ್ನತೆ ಇರುವವರಿಗೂ ಆಪರೇಷನ್‌ನಿಂದ ಗುಣವಾಗುತ್ತದೆ. ಮನಸ್ಸಿನ ಕಡೆ ಗಮನ ಕೊಡದಿದ್ದರೆ, ಗುಣವಾದರೂ ಸಮಾಧಾನ ಕಮ್ಮಿ, ಅಷ್ಟೇ.

ತೀರ್ಥಹಳ್ಳಿ ತೋಟಿಗ:

ಅಕ್ಕ, ಕೈಗೆ ಬಿಡುವು ಕೊಡಿ, ಆದರೆ ಅವರಿಗೆ ಬಿಡುವು ಕೊಡಬೇಡಿ ಮಾರಾಯ್ರೇ. ನಮ್ಮನೆಗೆ ಸುಲಿಯುವ ಮಷಿನ್ ಬಂದ ವರ್ಷ ಅಮ್ಮ ಪೂರಾ ಮಂಕಾಗಿದ್ದರು. ಸುಮ್ನೆ ಕೂತಿರಿ ಅಂತ ನಾವೇ ಹೇಳಿದ್ದು. ಆಮೇಲೆ ಅಡಿಕೆ ಬೇಯಿಸುವ ಹದ ನೋಡುವುದು, ಒಣಗಿದ ಮೇಲೆ ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆ ನೋಡಿ ಆರಿಸುವುದು ಅವರದೇ ಅಂತಾಯಿತು. ಆಳುಗಳ ಲೆಕ್ಕವೂ ಅವರ ಹತ್ತಿರವೇ. ಈಗ ಮಂಡಿ ರೇಟು ನನಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಎಣ್ಣೆ ಮಾತ್ರ ನಾನು ಬಿಡಲ್ಲ, ತಿಕ್ಕಿಸಿಕೊಂಡಾದರೂ ಯಾರಾದರೂ ಹತ್ತು ನಿಮಿಷ ಪಕ್ಕದಲ್ಲಿ ಕೂರುತ್ತಾರಲ್ಲ.

ತಾಲ್ಲೂಕು ಆಸ್ಪತ್ರೆ ಸಿಸ್ಟರ್:

ತೋಟಿಗ ಅಣ್ಣ, ಆ ಎಣ್ಣೆಗೆ ನನ್ನ ಒಪ್ಪಿಗೆ ಇದೆ! ಸಾಗರದ ಸೊಸೆ, ಥೈರಾಯ್ಡ್ ಮಾತ್ರೆ ಶುರುವಾಗಿ ಆರು ವಾರದ ಹೊತ್ತಿಗೆ ಮತ್ತೆ ಟಿಎಸ್‌ಎಚ್ ನೋಡಿಸಬೇಕು. ಆಗಲೂ ಮಾತು, ಊಟ ಹೀಗೇ ಇದ್ದರೆ ಥೈರಾಯ್ಡ್ ಮೇಲೆ ಹಾಕಿ ಬಿಡಬೇಡಿ. ಮಂಗಳವಾರದ ಕ್ಲಿನಿಕ್‌ಗೆ ಬನ್ನಿ.

ಸಾಗರದ ಸೊಸೆ:

ಆಗಲಿ ಸಿಸ್ಟರ್. ಕೈ ಮಡಚಿ ನೋಡುವ ಪರೀಕ್ಷೆಯನ್ನು ಅತ್ತೆ ತಾವು ಮಾಡಿ, ಮಾವನಿಗೂ ಮಾಡಿಸಿದರು. ಮಾವನಿಗೆ ಏನೂ ಆಗಲಿಲ್ಲ. "ನೋಡಿದ್ರಾ, ಮನಸ್ಸಿಗೆ ಹಚ್ಚಿಕೊಂಡಿದ್ದಲ್ಲ" ಅಂತ ಅವರಿಗೇ ತಿರುಗಿಸಿ ಹೇಳಿದರು. ಒಂದು ಸಣ್ಣ ಪ್ರಶ್ನೆ ಉಳಿದಿದೆ. ಕೈಪಟ್ಟಿ ತೊಳೆದರೆ ಈ ಮಳೆಗೆ ಒಣಗುವುದೇ ಇಲ್ಲ. ಬಚ್ಚಲೊಲೆ ಮೇಲೆ ಬಟ್ಟೆ ಜೊತೆ ಹಾಕಬಹುದಾ?

ಭದ್ರಾವತಿ ಟೈಲರಕ್ಕ:

ಬೇಡ, ಒಳಗಿನ ಹಾಳೆ ಪ್ಲಾಸ್ಟಿಕ್ ಆಗಿದ್ದರೆ ಬಿಸಿಗೆ ಬಾಗುತ್ತದೆ. ಅದನ್ನು ಹೊರಗೆ ಎಳೆದಿಟ್ಟು ಬಟ್ಟೆ ಮಾತ್ರ ತೊಳೆದು ಒಲೆಯಿಂದ ದೂರ ಹಾಕಿ. ಹಾಳೆ ವಾಪಸ್ ಹಾಕುವಾಗ ಅಂಗೈ ಕಡೆಗೇ ಬರಲಿ. ಒಳಗೆ ಹತ್ತಿ ಕಾಲುಚೀಲದ ಮೂತಿ ಕತ್ತರಿಸಿ ಹಾಕಿಕೊಂಡರೆ ದಿನಾ ತೊಳೆಯುವ ಕೆಲಸವೇ ಇಲ್ಲ. ನಾನು ಹಾಗೇ ಮಾಡುತ್ತಿದ್ದೆ. ಅಳತೆ ಕಳಿಸಿ, ಹೊಲಿದೇ ಕೊಡುತ್ತೇನೆ.